ತೂಕದ ಮಾತು

ನೆಲದ ಮೇಲೆ ನಿಂತು ರೇಡಿಯೋ ಮೂಲಕ ಹಾರಿಸುವ ಮಾದರಿ ವಿಮಾನದ ಕಿಟ್ ಎಂಬ ಹೆಸರಿನಲ್ಲಿ ಮನೆಗೆ ಬರುವ ಉದ್ದನೆಯ ಪೆಟ್ಟಿಗೆಯಲ್ಲಿ ವಿಮಾನವೊಂದನ್ನು ಬಿಟ್ಟು ಉಳಿದೆಲ್ಲವೂ ಇರುತ್ತದೆ: ಬಾಲ್ಸಾ ಮರದ ತೆಳು ಹಲಗೆಗಳು, ಕಡ್ಡಿಗಳು, ಪ್ಲೈವುಡ್ಡಿನ ಚೌಕಟ್ಟುಗಳು, ಹಾಸಿದರೆ ಊಟದ ಮೇಜನ್ನೆಲ್ಲ ಆಕ್ರಮಿಸುವ ನಕ್ಷೆ. ರೇಡಿಯೋ, ಎಂಜಿನ್, ಅಂಟು, ಮೇಲುಹೊದಿಕೆಗಳನ್ನು ಬೇರೆಯಾಗಿಯೇ ಕೊಳ್ಳಬೇಕು. ತಾಳ್ಮೆಯನ್ನಂತೂ ಯಾರೂ ಮಾರುವುದಿಲ್ಲ. ಕಲಿಯುವವರಿಗೆಂದೇ ರೂಪಿಸಿದ ಸಿಗ್ ಕೆಡೆಟ್ ಎಲ್‌ಟಿ-40 ಎಂಬ ಅಮೆರಿಕದ ಕಿಟ್ಟನ್ನೇ ನೋಡಿ. ಅದರ ರೆಕ್ಕೆಗಳ ಹರವು 70 ಅಂಗುಲ, ಎಂದರೆ ಆಳುದ್ದ. ಆದರೂ ಎಲ್ಲವನ್ನೂ ಜೋಡಿಸಿ ಮುಗಿಸಿದ ಮೇಲೆ ಅದು ತೂಗಬೇಕಾದದ್ದು ಎರಡೂವರೆ ಕಿಲೋದ ಆಸುಪಾಸು. ವಿಮಾನ ಕಟ್ಟುವ ಹವ್ಯಾಸವೆಂದರೆ ಮರಗೆಲಸವೆಂದು ನೋಡುವವರು ತಿಳಿಯುತ್ತಾರೆ. ನನ್ನ ಮಟ್ಟಿಗೆ ಅದು ಮೊದಲಿನಿಂದ ಕೊನೆಯವರೆಗೂ ಗ್ರಾಮುಗಳ ಜಿಪುಣತನ.

ಈ ಜಿಪುಣತನಕ್ಕೆ ಒದಗಿಬರುವ ಬಾಲ್ಸಾ ಹೆಚ್ಚಾಗಿ ಈಕ್ವೆಡಾರ್ ದೇಶದಿಂದ ಬರುತ್ತದೆ. ಒಂದು ಘನ ಮೀಟರ್ ತೇಗ ಸುಮಾರು 650 ಕಿಲೋ ತೂಗಿದರೆ, ಅಷ್ಟೇ ಬಾಲ್ಸಾ 160 ಕಿಲೋದಷ್ಟು ತೂಗುತ್ತದೆ. ಉಗುರು ತಾಗಿದರೆ ಕುಳಿ ಬೀಳುವ ಈ ಮರವನ್ನು ಸಸ್ಯಶಾಸ್ತ್ರಜ್ಞರು ಗಟ್ಟಿಮರಗಳ ಸಾಲಿಗೆ ಸೇರಿಸಿರುವುದು ಅವರ ವಿನೋದಪ್ರಜ್ಞೆಗೆ ಸಾಕ್ಷಿ ಎನ್ನಬೇಕು. ಅಷ್ಟು ಹಗುರವೆಂದು ಇದನ್ನು ಕೀಳಾಗಿ ಕಾಣುವಂತಿಲ್ಲ. ಎರಡನೆಯ ಮಹಾಯುದ್ಧದ ಮಸ್ಕಿಟೋ ಬಾಂಬರಿನ ಒಡಲು ಪ್ಲೈವುಡ್ಡಿನ ಎರಡು ಪದರಗಳ ನಡುವೆ ಬಾಲ್ಸಾ ತುಂಬಿ ಮಾಡಿದ್ದು.

ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹಾಸಿ, ಅದರ ಮೇಲೆಯೇ ಕಡ್ಡಿಗಳನ್ನು ಗುಂಡುಸೂಜಿಯಿಂದ ಹಿಡಿದಿಟ್ಟು, ರೆಕ್ಕೆಯ ಪಕ್ಕೆಲುಬುಗಳನ್ನು ಒಂದೊಂದಾಗಿ ನಿಲ್ಲಿಸುತ್ತ ಹೋಗುವುದು ಬಹಳ ನೆಮ್ಮದಿಯ ಕೆಲಸ. ಸಂದು ಸರಿಯಾಗಿ ಕೂತಿದ್ದರೆ ನೀರಿನಷ್ಟು ತೆಳುವಾದ ಸಯನೊಅಕ್ರಿಲೇಟ್ ಅಂಟಿನ ಒಂದೇ ಹನಿ ಸಾಕು; ಅದು ತಾನಾಗಿ ಸಂದಿನುದ್ದಕ್ಕೂ ಹರಿದು, ನಾವು ಕೈ ತೆಗೆಯುವುದರೊಳಗೆ ಕಚ್ಚಿಕೊಂಡಿರುತ್ತದೆ. ಗಾಳಿಯ ತೇವವೇ ಅದನ್ನು ಗಟ್ಟಿಯಾಗಿಸುವುದರಿಂದ ನಮ್ಮ ಮಳೆಗಾಲದಲ್ಲಿ ಅದರ ಆತುರ ಇನ್ನೂ ಹೆಚ್ಚು. ಹತ್ತಿ ಬಟ್ಟೆಯ ಮೇಲೆ ಚೆಲ್ಲಿದರೆ ಸುಡುವಷ್ಟು ಬಿಸಿಯಾಗಿ ಹೊಗೆಯಾಡುತ್ತದೆ. ಆದ್ದರಿಂದ ಪಂಚೆಯುಟ್ಟು ವಿಮಾನ ಕಟ್ಟದಿರುವುದು ಒಳ್ಳೆಯದು.

ಕಟ್ಟುವುದಕ್ಕಿಂತ ಮುಗಿಸುವುದು ಕಷ್ಟ. ಅಸ್ಥಿಪಂಜರವನ್ನು ಉಜ್ಜಿ ನಯಮಾಡಿದ ಮೇಲೆ ಹಿಂಬದಿಗೆ ಅಂಟು ಬಳಿದಿರುವ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಬೇಕು. ಪುಟ್ಟ ಇಸ್ತ್ರಿಪೆಟ್ಟಿಗೆಯಿಂದ ಮೊದಲು ಅಂಚುಗಳನ್ನಷ್ಟೇ ಹದವಾದ ಬಿಸಿಯಲ್ಲಿ ಕೂರಿಸಿ, ಆಮೇಲೆ ಶಾಖ ಏರಿಸಿ ನಡುವೆ ಆಡಿಸಿದರೆ, ಸುಕ್ಕುಗಳೆಲ್ಲ ಒಂದೊಂದಾಗಿ ಸರಿದುಹೋಗಿ ಹಾಳೆ ಮದ್ದಳೆಯ ಮುಚ್ಚಿಗೆಯಂತೆ ಬಿಗಿದುಕೊಳ್ಳುತ್ತದೆ. ತಳಭಾಗವನ್ನು ಮೊದಲು ಹೊದಿಸಿದರೆ ಮೇಲಿನ ಹಾಳೆಯ ಅಂಚು ಅದರ ಮೇಲೆ ಬಂದು, ಜೋಡಣೆಯ ಗೆರೆ ಕಣ್ಣಿಗೆ ಬೀಳುವುದಿಲ್ಲ. ಬಣ್ಣಗಳನ್ನು ಆರಿಸುವಾಗ ಮಾತ್ರ ಅಂದದ ಮಾತಿಗೆ ಎರಡನೆಯ ಸ್ಥಾನ. ನೂರು ಮೀಟರ್ ಎತ್ತರದಲ್ಲಿ ತಿರುಗುತ್ತಿರುವ ವಿಮಾನ ಹೊಟ್ಟೆ ತೋರಿಸುತ್ತಿದೆಯೋ ಬೆನ್ನು ತೋರಿಸುತ್ತಿದೆಯೋ ಎಂದು ನೆಲದ ಮೇಲೆ ನಿಂತವನಿಗೆ ಕ್ಷಣದಲ್ಲಿ ತಿಳಿಯಬೇಕಾದ್ದರಿಂದ, ಮೇಲೆ ತಿಳಿಬಣ್ಣ, ಕೆಳಗೆ ದಪ್ಪ ಕಪ್ಪು ಪಟ್ಟೆ ಎಂಬಂಥ ಒರಟು ವಿನ್ಯಾಸವೇ ಜಾಣತನದ್ದು.

ಆದರೆ ಈ ಹಂತದಲ್ಲಿಯೇ ಕೈ ಸುಮ್ಮನಿರುವುದಿಲ್ಲ. ಇನ್ನೊಂದು ಪಟ್ಟೆ, ಬಾಲದ ಮೇಲೊಂದು ಲಾಂಛನ, ಅದರ ಮೇಲೊಂದು ಹೊಳಪಿನ ಲೇಪ ಎಂದು ಆಸೆ ಬೆಳೆಯುತ್ತದೆ. ಬೆಂಗಳೂರಿನವರಿಗೆ ಎಚ್‌ಟಿ-2ರ ಬಣ್ಣ ಬಳಿಯುವ ಮನಸ್ಸಾಗುವುದೂ ಸಹಜವೇ. 1951ರ ಆಗಸ್ಟ್ 5ರಂದು ಮೊದಲ ಬಾರಿಗೆ ಹಾರಿದ ಆ ವಿಮಾನ, ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಇದೇ ಊರಿನಲ್ಲಿ ರೂಪುಗೊಂಡ ತರಬೇತಿ ವಿಮಾನವಷ್ಟೆ. ಆದರೆ ಬಣ್ಣಕ್ಕೂ ತೂಕವಿದೆ. ಅಮೆರಿಕದ ಬಾಹ್ಯಾಕಾಶ ಷಟಲ್‌ನ ದೊಡ್ಡ ಇಂಧನ ಟ್ಯಾಂಕಿಗೆ 1981ರ ಮೊದಲ ಎರಡು ಯಾನಗಳಲ್ಲಿ ಬಿಳಿ ಬಣ್ಣ ಬಳಿದಿದ್ದರು. ಮೂರನೆಯ ಯಾನದಿಂದ ಅದನ್ನು ಕೈಬಿಟ್ಟಾಗ ಉಳಿತಾಯವಾದದ್ದು ಸುಮಾರು 270 ಕಿಲೋ. ಅಲ್ಲಿಂದ ಮುಂದೆ ಟ್ಯಾಂಕು ಇಟ್ಟಿಗೆ ಬಣ್ಣದಲ್ಲಿಯೇ ಹಾರಿತು, ಯಾರೂ ಅದನ್ನು ಕುರೂಪಿ ಎನ್ನಲಿಲ್ಲ.

ನಮ್ಮ ಪುಟ್ಟ ವಿಮಾನದಲ್ಲಿ ಬಾಲದ ಶೃಂಗಾರ ಇನ್ನೂ ದುಬಾರಿ. ಗುರುತ್ವ ಕೇಂದ್ರವು, ಎಂದರೆ ವಿಮಾನದ ಮುಂದಿನ ಹಿಂದಿನ ತೂಕಗಳು ಸಮವಾಗಿ ತೂಗುವ ಬಿಂದುವು, ರೆಕ್ಕೆಯ ಮುಂಅಂಚಿನಿಂದ ಹಿಂದಕ್ಕೆ ರೆಕ್ಕೆಯ ಅಗಲದ ಕಾಲು ಭಾಗದಿಂದ ಮೂರನೆಯ ಒಂದು ಭಾಗದೊಳಗೆ ಬೀಳಬೇಕೆಂಬುದು ಇಂಥ ವಿಮಾನಗಳ ಸಾಮಾನ್ಯ ನಿಯಮ. ಆ ಬಿಂದುವಿನಿಂದ ಮೂಗಿಗಿರುವ ದೂರದ ಮೂರು ಪಟ್ಟು ದೂರದಲ್ಲಿ ಬಾಲವಿದ್ದರೆ, ಅಲ್ಲಿ ಬಳಿದ ಹತ್ತು ಗ್ರಾಮ್ ಬಣ್ಣಕ್ಕೆ ಮೂಗಿನಲ್ಲಿ ಮೂವತ್ತು ಗ್ರಾಮ್ ಸೀಸ ಕಟ್ಟಬೇಕಾಗುತ್ತದೆ. ಒಟ್ಟು ನಲವತ್ತು ಗ್ರಾಮಿನ ಹೊರೆ. ಮೂಗು ಭಾರವಾದ ವಿಮಾನ ಕಷ್ಟಪಟ್ಟು ಹಾರುತ್ತದೆ, ಬಾಲ ಭಾರವಾದದ್ದು ಒಮ್ಮೆ ಮಾತ್ರ ಹಾರುತ್ತದೆ ಎಂಬ ಮಾತು ಹಾರಿಸುವವರ ನಡುವೆ ಚಾಲ್ತಿಯಲ್ಲಿದೆ. ಹಾಗಾಗಿ ರೆಕ್ಕೆಯ ಅಡಿಯಲ್ಲಿ ಆ ಬಿಂದುವಿನ ನೇರಕ್ಕೆ ಹಾಕಿದ ಗುರುತುಗಳಿಗೆ ಎರಡು ಬೆರಳು ಕೊಟ್ಟು ಎತ್ತಿದಾಗ ಮೂಗು ತುಸುವೇ ಬಾಗುವವರೆಗೂ ಬ್ಯಾಟರಿಯನ್ನು ಮುಂದಕ್ಕೆ ತಳ್ಳುತ್ತ ಇರಬೇಕು; ಅದಕ್ಕೂ ಬಗ್ಗದಿದ್ದರೆ ಮಾತ್ರ ಸೀಸ.

ಇಷ್ಟಾದ ಮೇಲೂ ಮನೆಯ ಮಕ್ಕಳು ಕಾಕ್‌ಪಿಟ್ಟಿಗೊಬ್ಬ ಗೊಂಬೆ ಪೈಲಟ್ ಬೇಕೇ ಬೇಕೆಂದು ಹಟ ಹಿಡಿದರೆ, ಅವನನ್ನು ಮೊದಲು ತಕ್ಕಡಿಯ ಮೇಲೆ ಕೂರಿಸಿ ನೋಡಬೇಕು. ಹೆಚ್ಚು ತೂಗಿದರೆ ಎದೆಯಿಂದ ಮೇಲಷ್ಟೇ ಇಟ್ಟುಕೊಂಡರಾಯಿತು. ಕಿಟಕಿಯಿಂದ ಕಾಣುವುದು ಹೇಗೂ ಅಷ್ಟೇ.