ಮೈಕಿನ ಮುಂದೆ ಆಡಿದ ಮಾತಿಗೆ ಉತ್ತರ ಕೊಡಬೇಕು

ನಿನ್ನೆ ಬಾಗಲಕೋಟೆ ಸಮೀಪದ ಹಳ್ಳಿಯೊಂದರ ಸರ್ಕಾರಿ ಶಾಲೆಯ ಕಾರ್ಯಕ್ರಮಕ್ಕೆ ಹೋಗಿ ಬಂದಾಗಿನಿಂದ ಮನಸ್ಸು ಕುದಿಯುತ್ತಿದೆ. ಎರಡು ತಾಸು ತಡವಾಗಿ ಬಂದ ಜನಪ್ರತಿನಿಧಿಯೊಬ್ಬರು, ಆಮಂತ್ರಣ ಪತ್ರಿಕೆಯಲ್ಲಿ ತಮ್ಮ ಹೆಸರು ಮೂರನೆಯದಾಯಿತೆಂಬ ಸಿಟ್ಟಿಗೆ, ಮೈಕ್ ಹಿಡಿದುಕೊಂಡೇ ಮುಖ್ಯೋಪಾಧ್ಯಾಯಿನಿಯವರನ್ನು ಗದರಿದರು. “ನಿನಗ ಪ್ರೋಟೋಕಾಲ್ ಗೊತ್ತಿಲ್ಲೇನು? ಯಾರ್ ಕುಂದರ್ಸ್ಯಾರ ನಿನ್ನ ಆ ಕುರ್ಚಿ ಮ್ಯಾಲ?” ಅಕ್ಕೋರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ತಾವೇ ಅಕ್ಷರ ಕಲಿಸಿದ ಮಕ್ಕಳ ಎದುರು ತಲೆ ತಗ್ಗಿಸಿ ನಿಂತಿದ್ದರು. ವೇದಿಕೆಯ ಮೇಲಿದ್ದವರು ನಕ್ಕರು. ಭಾಷಣ ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನೂ ತಟ್ಟಿದೆ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದ ನಾನು ಎದ್ದು ನಿಂತು ಒಂದು ಮಾತು ಕೇಳಲಿಲ್ಲವೆಂಬುದು ರಾತ್ರಿಯಿಡೀ ಚುಚ್ಚಿತು.

“ಬಾಯಿ ಒಂದಿಷ್ಟು ಒರಟರೀ, ಆದ್ರ ಕೆಲಸ ಮಾಡ್ತಾರ” ಎಂದು ಪಕ್ಕದಲ್ಲಿ ಕುಳಿತವರು ಸಮಾಧಾನ ಹೇಳಿದರು. ಒಪ್ಪುತ್ತೇನೆ, ರಸ್ತೆ ಮಾಡಿಸಿದ್ದಾರೆ. ಆದರೆ ಆ ರಸ್ತೆ ನಮ್ಮ ತೆರಿಗೆಯ ದುಡ್ಡಿನದು. ಅದಕ್ಕೆ ಬದಲಾಗಿ ಹೆಣ್ಣುಮಗಳೊಬ್ಬಳ ಮರ್ಯಾದೆಯನ್ನು ನಾವು ಬರೆದುಕೊಟ್ಟಿಲ್ಲ.

1956ರಲ್ಲಿ ಅರಿಯಲೂರು ರೈಲು ದುರಂತವಾದಾಗ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ರೈಲ್ವೆ ಸಚಿವ ಸ್ಥಾನ ಬಿಟ್ಟರು. ಆ ರೈಲನ್ನು ಅವರೇನೂ ನಡೆಸಿರಲಿಲ್ಲ. 1984ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ ತಮ್ಮ ಪಕ್ಷಕ್ಕೆ ನಾಲ್ಕೇ ದಕ್ಕಿದಾಗ, ಯಾವ ಕಾನೂನೂ ಕೇಳದಿದ್ದರೂ ಆಗಿನ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಬಂದರು. 1988ರಲ್ಲಿ ದೂರವಾಣಿ ಕದ್ದಾಲಿಕೆಯ ವಿವಾದದಲ್ಲಿ ಇನ್ನೊಮ್ಮೆ ಅಧಿಕಾರ ಬಿಟ್ಟರು. ಅಂಥ ಹೆಗಡೆಯವರನ್ನೇ 1991ರಲ್ಲಿ ಸೋಲಿಸಿ ಕಳಿಸಿದ ಬಾಗಲಕೋಟೆ ಇದು. ದೊಡ್ಡವರೆಂದು ಹೆದರುವ ಊರು ನಮ್ಮದಾಗಿರಲಿಲ್ಲ. ತಾವು ನಡೆಸದ ರೈಲಿಗೂ ಒಬ್ಬರು ಹೊಣೆ ಹೊತ್ತ ದೇಶದಲ್ಲಿ, ತಮ್ಮದೇ ನಾಲಿಗೆಯ ಹೊಣೆ ಹೊರಿರೆಂದು ಇವರನ್ನು ಕೇಳಲು ನಮಗೇಕೆ ಇಷ್ಟು ಅಂಜಿಕೆ? ಅದೇ ವೇದಿಕೆಗೆ ಬಂದು, ಅವೇ ಮಕ್ಕಳ ಎದುರು, ಅದೇ ಮೈಕಿನಲ್ಲಿ “ನನ್ನಿಂದ ತಪ್ಪಾಯಿತು” ಎಂದು ಅವರು ಹೇಳಬೇಕು. ಅದಕ್ಕಿಂತ ಕಡಿಮೆ ಯಾವುದನ್ನೂ ನಾನು ಒಪ್ಪಲಾರೆ.

ಇಂದು ಮುಂಜಾನೆ ಅಕ್ಕೋರಿಗೆ ಫೋನ್ ಮಾಡಿದ್ದೆ. ಮನವಿಯೊಂದನ್ನು ಬರೆಯೋಣ, ಮೊದಲ ಸಹಿ ನನ್ನದೇ ಇರಲಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. “ಬ್ಯಾಡ್ರಿ ಸರ್, ಸಾಲಿಗೆ ಇನ್ನೂ ಕಂಪೌಂಡ್ ಆಗಬೇಕೈತಿ” ಅಂದರು.