ಆರೇ ಆರು ನಟ್ ಅಂದಿದ್ದ

ಸಿಟ್ಟು ಇಳದ ಮ್ಯಾಲ ಬರದ್ರಾತು ಅಂತ ನಾಕು ದಿನ ಸುಮ್ನ ಕುಂತಿದ್ದೆ. ಇಳೀಲಿಲ್ಲ. ಬರಿಯಾಕತ್ತೀನಿ, ಓದವ್ರು ಓದ್ರಿ.

ನಾವು ಬಾಗಲಕೋಟಿ ನವನಗರದ ಮೂರು ಮಂದಿ ಗೆಳ್ಯಾರು ಕೂಡಿ ಎರಡು ವರ್ಷದ ಹಿಂದ ಗೋವಾದಿಂದ ಒಂದು ಹಳೇ ಮೋಟರ್ ಬೋಟ್ ತಂದ್ವಿ. 17 ಫೂಟಿಂದು. ಚೋರ್ಲಾ ಘಾಟ್ ಹತ್ತಿಸಿ, ಬೆಳಗಾವಿ ದಾಟಿಸಿ, ಟ್ರೇಲರ್ ಮ್ಯಾಲ ಎಳಕೊಂಡು ಬರೂವಾಗ ಲೋಕಾಪುರದಾಗ ಚಾ ಕುಡ್ಯಾಕ ನಿಂತ್ರ, "ಸಮುದ್ರನೂ ತರಾಕತ್ತೀರೇನ್ರಿ?" ಅಂತ ಒಬ್ಬಾಂವ ಕೇಳಿದ್ದ. ಸಮುದ್ರ ಯಾಕ ಬೇಕು? ಆಲಮಟ್ಟಿ ಹಿನ್ನೀರು ಐತೆಲ್ಲ. ನಮ್ಮ ಅಜ್ಜ ಹುಟ್ಟಿದ ಓಣಿ ಅದರ ತಳದಾಗ ಐತಿ. ಅದರ ಮ್ಯಾಲ ಒಂದು ಸುತ್ತು ಹೊಡದು ಬರಬೇಕು ಅನ್ನೂದೊಂದೇ ಆಸೆ.

ನಮ್ಮ ಬೋಟಿಗಿ ಇರೂದು ಸ್ಟರ್ನ್‌ಡ್ರೈವ್, ಮರ್ಕ್ರೂಸರ್ ಆಲ್ಫಾ ಒನ್. ಎಂಜಿನ್ ಬೋಟಿನ ಒಳಗ, ಗೇರು ಮತ್ತ ಪಂಖಾ ಇರೂ ಕಾಲು ಹಿಂದಿನ ಹಲಗಿ ಹೊರಗ; ಆ ಕಾಲಿಗೇ ಡ್ರೈವ್ ಅಂತಾರ. ಈ ನಮೂನಿ 1959ರಾಗ ವೋಲ್ವೊ ಪೆಂಟಾ ಕಂಪನಿ ಮಾರಾಕ ಚಾಲೂ ಮಾಡಿದ್ದು. ಅರವತ್ತು ವರ್ಷ ದಾಟಿದ್ರೂ ನಮ್ಮ ಕಡೆ ಅದನ್ನ ಬಿಚ್ಚಿ ಕೂಡ್ಸೂ ಮನಶ್ಯಾ ಒಬ್ಬಾಂವನೂ ನಮಗ ಸಿಗಲಿಲ್ಲ.

ಅಕ್ಟೋಬರ್‌ದಾಗ ಗೇರ್ ಆಯಿಲ್ ನೋಡಿದ್ರ ಹಾಲು ಹಾಕಿದ ಚಾದಂಗ ಆಗಿತ್ತು. ಸೀಲ್ ಹೋಗಿ ನೀರು ಒಳಗ ಹೊಕ್ಕಿತ್ತು. ಗೋವಾದ ಒಬ್ಬ ಮೆಕ್ಯಾನಿಕ್‌ನ ಕರಸಿದ್ವಿ. ಡ್ರೈವ್ ಬಿಚ್ಚಿ ರಿಪೇರಿ ಮಾಡಿ ತಿರುಗಿ ಕೂಡ್ಸಾಕ 9,000 ಅಂತ ಮಾತಾತು, 6,000 ಮುಂಗಡ ಇಸ್ಕೊಂಡ. ನಲವತ್ತು ನಿಮಿಷದಾಗ ಬಿಚ್ಚಿ ಗಾಡಿಗಿ ಹಾಕ್ಕೊಂಡು ಹೋದ. ಹೋಗೂ ಮುಂದ ಎಂಜಿನ್ ಕುಂದ್ರೂ ಮುಂದಿನ ಮೌಂಟ್ ಬ್ಯಾರೆ ಸಡ್ಲ ಮಾಡಿಟ್ಟಿದ್ದ. ಯಾಕ? ಅಂವಗ ಗೊತ್ತು.

ಆಮ್ಯಾಲ ಫೋನ್ ಎತ್ತೂದ ಬಿಟ್ಟ. ಡಿಸೆಂಬರ್ ಕಡೀಕ ಒಂದು ಬಸ್ಸಿನ ಡಿಕ್ಕಿಯೊಳಗ ಗೋಣಿಚೀಲ ಸುತ್ತಿದ ಡ್ರೈವ್ ಬಂತು, ಅಂವ ಬರಲಿಲ್ಲ. ಹತ್ತು ಸಲ ಹಚ್ಚಿದ ಮ್ಯಾಲ ಫೋನಿನ್ಯಾಗ ಹೇಳತಾನ: "ಆರೇ ಆರು ನಟ್ ಸಾಹೇಬ್ರ, ನೀವೇ ಬಿಗದುಬಿಡ್ರಿ."

ಖರೇನ, ಆರೇ ನಟ್ ಅದಾವ. ಎಣಿಸಿ ನೋಡೀನಿ. ಆದ್ರ ಆ ಆರು ನಟ್ಟಿನ ತನಕ ಬಂದು ಮುಟ್ಟೂದು ಐತೆಲ್ಲ, ಅದನ್ನ ಯಾರು ಹೇಳಬೇಕು?

ಮೊದಲನೇದ್ದು, ಎರಡು ತಿಂಗಳು ಬೋಟಿನ ಹಿಂದಿನ ತೂತು ಬಾಯಿ ತಕ್ಕೊಂಡು ಕುಂತಿತ್ತು. ಒಂದು ಪ್ಲಾಸ್ಟಿಕ್ ಹಾಳಿ ಕಟ್ಟಿ ಹೋಗಾಕ ಆಗಲಿಲ್ಲ ಪುಣ್ಯಾತ್ಮಗ. ಶಾಫ್ಟಿಗೆ ನೀರು ತಾಗದಂಗ ಸುತ್ತ ಇರೂ ರಬ್ಬರಿನ ತಿದಿ, ಬೆಲೋಸ್ ಅಂತಾರ, ಅದರೊಳಗ ಕಣಜದ ಹುಳ ಮಣ್ಣಿನ ಗೂಡು ಕಟ್ಟಿತ್ತು. ಶಾಫ್ಟ್ ಹಿಡಿಯೂ ಗಿಂಬಲ್ ಬೇರಿಂಗ್‌ನ್ಯಾಗ ಬಟ್ಟು ಹಾಕಿ ತಿರುವಿದೆ, ಕರಕರ ಅನಲಿಲ್ಲ. ದೇವರು ದೊಡ್ಡಾಂವ.

ಡ್ರೈವಿಗೂ ಬೋಟಿಗೂ ನಡುವ ಕುಂದ್ರೂ ಪ್ಯಾಕಿಂಗ್ (ಗ್ಯಾಸ್ಕೆಟ್) ಹೊಸಾದ ಹಾಕಬೇಕು, ಹಳೇದು ನಡ್ಯಾಂಗಿಲ್ಲ. ಆನ್‌ಲೈನ್‌ದಾಗ ತರಸಿದೆ. ಆಲ್ಫಾ ಒನ್‌ದಾಗ 1991ರಿಂದ ಬಂದದ್ದು ಜನರೇಷನ್ ಟೂ, ಅದಕ್ಕಿಂತ ಹಿಂದಿಂದು ಜನರೇಷನ್ ಒನ್, ಎರಡಕ್ಕೂ ಪ್ಯಾಕಿಂಗ್ ಬ್ಯಾರೆ. ನಮ್ಮದು ಹಳೇದು ಅಂತ ಫೋಟೊ ಕಳಸಿ, ನಂಬರ್ ಕಳಸಿ, ಫೋನ್ ಮಾಡಿ ಹೇಳಿದ್ದೆ. ಬಂದದ್ದು ಟೂ! ತಿರುಗಿ ತಗೋರಿ ಅಂದ್ರ "ಪ್ಯಾಕೆಟ್ ಒಡದೀರಿ" ಅಂತಾರ. ಒಡೀದ ಒಳಗ ಏನೈತಿ ಅಂತ ಕಣ್ಣು ಮುಚ್ಚಿ ಧ್ಯಾನ ಮಾಡಿ ತಿಳ್ಕೋಬೇಕಿತ್ತೇನ? ಮತ್ತ ರೊಕ್ಕ, ಮತ್ತ ಹನ್ನೆರಡು ದಿನ.

ಎಂಜಿನ್ನು ಡ್ರೈವಿನ ಶಾಫ್ಟಿಗೆ ಒಂದೇ ಸರಳ ಐತೋ ಇಲ್ಲೋ ನೋಡಾಕ ಒಂದು ಉದ್ದನ್ನ ಬಾರ್ ಬೇಕು. ಎಂಜಿನ್ ಒಂದೀಟು ವಾರಿಯಾಗಿದ್ರೂ ಶಾಫ್ಟ್ ಹೋಗಿ ಕೂಡೂ ಕಪ್ಲಿಂಗಿನ ಹಲ್ಲು ಸವದು ಹೋಗ್ತಾವ, ಆಮ್ಯಾಲ ಎಂಜಿನ್ನೇ ಹೊರಗ ತಗೀಬೇಕು. ಬಾರ್ ಎಲ್ಲೂ ಸಿಗಲಿಲ್ಲ. ನಮ್ಮ ಲೇಥ್ ಅಂಗಡಿ ಕಾಕಾ ಡ್ರೈವಿನ ಶಾಫ್ಟಿಗೆ ವರ್ನಿಯರ್ ಹಚ್ಚಿ, ಬೇರಿಂಗ್ ಹತ್ರ ಒಂದು ದಪ್ಪ, ತುದೀಗಿ ಒಂದು ದಪ್ಪ ಅಂತ ಅಳತಿ ತಗೊಂಡು, "ಏನ್ ಲಟ್ಟಣಿಗಿ ಮಾಡಸಾಕತ್ತಿಯೇನೋ ತಮ್ಮಾ?" ಅಂತ ನಕ್ಕೋತ 600 ರೂಪಾಯಿಗೆ ಕಡದು ಕೊಟ್ಟ. ಈ ಪುರಾಣದಾಗ ನಂಗ ಕಂಡ ಒಬ್ಬನೇ ಮನಶ್ಯಾ ಅಂದ್ರ ಆ ಕಾಕಾ.

ಬಾರ್ ಎರಡು ಬಟ್ಟಿನ್ಯಾಗ ತಳ್ಳಿದ್ರ ಬೇರಿಂಗ್ ದಾಟಿ ಕಪ್ಲಿಂಗಿನ್ಯಾಗ ಸರಳ ಹೋಗಬೇಕು. ಅರ್ಧಕ್ಕ ನಿಂತ್ಬಿಡ್ತು. ತುದೀಗಿ ಗ್ರೀಸ್ ಹಚ್ಚಿ ತಳ್ಳಿ ಹೊರಗ ತಗದು ನೋಡಿದ್ರ ಹಲ್ಲಿನ ಗುರುತು ಕೆಳಗಷ್ಟ ಬಿದ್ದಿತ್ತು, ಮ್ಯಾಲ ಗ್ರೀಸ್ ಹಂಗೇ ಇತ್ತು. ಸುತ್ತೂ ಒಂದೇ ಸಮ ಬೀಳಬೇಕು. ಒಬ್ಬಾಂವ ಮುಂದಿನ ಮೌಂಟಿನ ನಟ್ ಕಾಲು ಸುತ್ತು ತಿರುವೂದು, ನಾ ಹಿಂದ ಬಾರ್ ತಳ್ಳೂದು, ತಗೀದು, ಒರಸೂದು, ಮತ್ತ ಗ್ರೀಸ್. ಮುಂಜಾನೆ ಒಂಬತ್ತಕ್ಕ ಚಾಲೂ ಮಾಡಿದ್ದು ಸಂಜೀ ನಾಕಕ್ಕ ಸುತ್ತೂ ಗುರುತು ಬಂತು. ಆ ಗೋವಾದಾಂವ ಮೌಂಟ್ ಮುಟ್ಟದ ಬಿಟ್ಟಿದ್ರ ಇದ್ಯಾವುದೂ ಇರ್ತಿರಲಿಲ್ಲ!

ಡ್ರೈವ್ ಏನಿಲ್ಲಂದ್ರೂ ನಲವತ್ತು ಕಿಲೊ. ಮಾವನ ಟ್ರ್ಯಾಕ್ಟರಿನ ಹೈಡ್ರಾಲಿಕ್‌ಗೆ ಚೈನ್ ಕಟ್ಟಿ ಎತ್ತಿದ್ವಿ. ಲಿವರ್ ಒಂಚೂರು ಮುಟ್ಟಿದ್ರ ಒಂದು ಗೇಣು ಏರ್ತೈತಿ. "ಇಳಸ್ರಿ ಮಾವ, ಇಳಸ್ರಿ, ಸಾಕು ಸಾಕು" ಅಂತ ಒದರಿ ಒದರಿ ನನ್ನ ಗಂಟ್ಲು ಹೋತು. ಅಂತೂ ಒಳಗ ಹೋತು, ಆರೂ ನಟ್ ಬಿಗದ್ವಿ, 50 ಫೂಟ್-ಪೌಂಡ್ ಟಾರ್ಕ್ ಪಾನಾ ಹಚ್ಚಿ. ಹ್ಯಾಂಡಲ್ ಎಳದ್ರ ಗೇರೇ ಬೀಳವಲ್ದು.

ಯಾಕಂದ್ರ ಆಲ್ಫಾ ಒನ್ ಕೂಡ್ಸೂವಾಗ ಹ್ಯಾಂಡಲ್ಲೂ ಫಾರ್ವರ್ಡ್‌ನ್ಯಾಗ ಇರಬೇಕು, ಡ್ರೈವೂ ಫಾರ್ವರ್ಡ್‌ನ್ಯಾಗ ಇರಬೇಕು. ಅಂವ ಕಳಸಿದ್ದು ನ್ಯೂಟ್ರಲ್. ಇದು ಮ್ಯಾನ್ಯುವಲ್ ಓದಿ ರಾತ್ರಿ ಹನ್ನೊಂದಕ್ಕ ಗೊತ್ತಾಗಿದ್ದು. ಗೋಣಿಚೀಲದ ಮ್ಯಾಲ ಪೆನ್ನಿಲೆ ಒಂದು ಮಾತು ಬರದಿದ್ರ ಅವರಪ್ಪನ ಗಂಟು ಹೋಗ್ತಿತ್ತೇನ? ಮರುದಿನ ಮತ್ತ ಬಿಚ್ಚು, ಮತ್ತ ಟ್ರ್ಯಾಕ್ಟರ್, ಮತ್ತ ಮಾವ. ಕಿತ್ತ ಪ್ಯಾಕಿಂಗ್ ಹರದಿತ್ತು, ಅಂದ್ರ ಮತ್ತೊಂದು ಪ್ಯಾಕಿಂಗ್, ಮತ್ತ ಹನ್ನೆರಡು ದಿನ.

ಎರಡನೇ ಸಲ ಕೂಡಿಸಿದ್ವಿ. ಗೇರ್ ಆಯಿಲ್ ಕೆಳಗಿನ ತೂತಿನಿಂದ ತುಂಬಿ, ಮ್ಯಾಲಿನ ತೂತಿನ್ಯಾಗ ಉಕ್ಕಿ ಬರೂತನಕ ಪಂಪ್ ಹೊಡದೆ. ನೀರು ಎಳಿಯೂ ಬಾಯಿಗೆ ಪೈಪ್ ಹಚ್ಚಿ ಎಂಜಿನ್ ಚಾಲೂ ಮಾಡಿದ್ವಿ. ಬಿತ್ತು ಗೇರು, ಪಂಖಾ ತಿರುಗ್ತು. ಮೂರು ಮಂದಿ ಕುಣದಾಡಿದ್ವಿ, ಮಾವನೂ ಟ್ರ್ಯಾಕ್ಟರ್ ಮ್ಯಾಲಿಂದ ಶಿಳ್ಳಿ ಹೊಡದ.

ಆದ್ರ ಅಷ್ಟೊತ್ತಿಗೆ ಫೆಬ್ರವರಿ ಅರ್ಧ ಆಗಿತ್ತು. ಡ್ಯಾಮ್ 519.60 ಮೀಟರ್ ತುಂಬಿದ್ದಾಗ ನೀರು ಮಾವನ ಹೊಲದ ಬದೂಕ ಬಡೀತಿತ್ತು. ಈಗ ನೀರು ಅಲ್ಲೆಲ್ಲೋ ಬೆಳ್ಳಗ ಒಂದು ಗೆರಿ ಕಾಣ್ತೈತಿ. ನಡುವ ಎರೀ ಮಣ್ಣಿನ ರಾಡಿ. ಟ್ರೇಲರ್ ಇಳಿಸಿದ್ರ ಗಾಲಿ ಅಚ್ಚಿನ ಮಟಾ ಹುಗೀತು. (ಕೃಷ್ಣಾ ನೀರಿನ ನ್ಯಾಯಮಂಡಳಿ 2010ರ ತೀರ್ಪಿನಂಗ ಡ್ಯಾಮ್ ಮಟ್ಟ 524.256 ಮೀಟರ್ ಮಾಡಿದ್ರ ನೀರು ಮಾವನ ಮನಿ ಕಟ್ಟೀಗೇ ಬರ್ತೈತಿ, ಆವಾಗ ಬೋಟೊಂದ ಉಳೀತೈತಿ, ಹೊಲ ಇರಾಂಗಿಲ್ಲ. ಆ ಸಿಟ್ಟು ಬ್ಯಾರೆ.) ಈಗ ಬೋಟು ಶೆಡ್ಡಿನ್ಯಾಗ, ತಾಡಪಾಲ ಹೊದ್ದು ಕುಂತೈತಿ. ಇನ್ನ ಆಗಸ್ಟ್ ಬರಬೇಕು.

ಇಷ್ಟಾದ್ರೂ ನಾ ಬರೀತಿರಲಿಲ್ಲ. ಆದ್ರ ಹೋದ ಸೋಮವಾರ ಗೋವಾದಿಂದ ಮೆಸೇಜ್ ಬಂತು: "ಸಾಹೇಬ್ರ, ಫಿಟಿಂಗ್ ಆತಂತಲ್ಲ, ಬಾಕಿ 3,000 ಯಾವಾಗ ಹಾಕ್ತೀರಿ?"

ಲೇಥ್ ಕಾಕಾನ 600 ಇನ್ನೂ ನನ್ನ ಕಡೆ ಬಾಕಿ ಐತಿ. ನಾಳೆ ಮುಂಜಾನೆ ಹೋಗಿ ಅದನ್ನ ಕೊಟ್ಟು ಬರ್ತೀನಿ.