ಮಿಕ್ಕವರೆಲ್ಲ ‘ಯಾರೋ’ ಅಲ್ಲ

ಬೆಂಗಳೂರಿಂದ ಬಂದಿರುವ ಅಕ್ಕ, ಭಾವ ಇಬ್ಬರನ್ನೂ ನಿನ್ನೆ ಇಲ್ಲಿ ಇಂಗ್ಲೆಂಡಿನಲ್ಲಿ ಶೇಕ್ಸ್‌ಪಿಯರ್ ಹುಟ್ಟಿದ ಸ್ಟ್ರಾಟ್‌ಫರ್ಡ್‌ಗೆ ಕರೆದುಕೊಂಡು ಹೋಗಿದ್ದೆ. ಏವನ್ ನದಿ ದಡದ ಹೋಲಿ ಟ್ರಿನಿಟಿ ಚರ್ಚು. ಒಳಗೆ ಶೇಕ್ಸ್‌ಪಿಯರ್ ಸಮಾಧಿ. ಅವನ ದೀಕ್ಷಾಸ್ನಾನ ದಾಖಲಾದ ರಿಜಿಸ್ಟರ್ ಪುಟದ ಪ್ರತಿಯನ್ನೂ ಇಟ್ಟಿದ್ದಾರೆ. 1564ರ ಏಪ್ರಿಲ್ 26, ಲ್ಯಾಟಿನ್‌ನಲ್ಲಿ ‘ಜಾನ್ ಶೇಕ್ಸ್‌ಪಿಯರನ ಮಗ ವಿಲಿಯಂ’ ಅಂತ ಒಂದೇ ಒಂದು ಸಾಲು. ಭಾವ ಫೋಟೋ ತೆಗೆದರು. ಅಲ್ಲೇ ನಿಂತು ಆ ಸಾಲು ಮಾತ್ರ ಉಳಿಯೋ ಹಾಗೆ ಕ್ರಾಪ್ ಮಾಡಿ ಮನೆಯವರ ಗ್ರೂಪಿಗೆ ಹಾಕಿದರು. “ಮಿಕ್ಕವರೆಲ್ಲ ಯಾರೋ ಏನೋ, ಅವರನ್ನ ಕಟ್ಕೊಂಡು ನಮಗೇನಾಗ್ಬೇಕು?” ಅಂದರು.

ಭಾವ ಒಳ್ಳೆಯವರು, ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಆದರೂ ರಾತ್ರಿ ನಿದ್ದೆ ಬರಲಿಲ್ಲ ನನಗೆ. ಶನಿವಾರ ಬಂದರೆ ನಾನು ಏನು ಮಾಡುತ್ತೇನೆ ಅಂತ ನಿಮಗೆಲ್ಲ ಗೊತ್ತಲ್ಲ. ನಾಲ್ಕು ವರ್ಷದಿಂದ ಹಳೇ ಪ್ಯಾರಿಷ್ ರಿಜಿಸ್ಟರುಗಳ, ಅಂದರೆ ಒಂದೊಂದು ಚರ್ಚಿಗೆ ಸೇರಿದ ಊರಿನವರ ದೀಕ್ಷಾಸ್ನಾನ, ಮದುವೆ, ಸಾವು ಬರೆದಿಟ್ಟ ಪುಸ್ತಕಗಳ ಸ್ಕ್ಯಾನ್ ಮುಂದೆ ಕೂತು, ಆ ಕಾಲದ ಮೋಡಿ ಅಕ್ಷರ ಬಿಡಿಸಿ, ಒಂದೊಂದೇ ಹೆಸರು ಟೈಪ್ ಮಾಡುತ್ತಿದ್ದೇನೆ. ನಾನು ಟೈಪ್ ಮಾಡುವುದೆಲ್ಲ ಆ ‘ಯಾರೋ’ಗಳನ್ನೇ.

ಭಾವ ಕ್ರಾಪ್ ಮಾಡಿದ್ದರಲ್ಲಿ ಏನು ಹೋಯಿತು, ಹೇಳುತ್ತೇನೆ. ಅದೇ ರಿಜಿಸ್ಟರಿನಲ್ಲಿ ಮಣ್ಣು ಮಾಡಿದವರ ಪಟ್ಟಿ ಬೇರೆ ಇದೆ. ವಿಲಿಯಂಗೆ ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ಜುಲೈ 11ರಂದು ಆಲಿವರ್ ಗನ್ ಅನ್ನುವ ಹುಡುಗನನ್ನು ಹೂಳಿದರು. ನೇಕಾರನೊಬ್ಬನ ಹತ್ತಿರ ಕೆಲಸ ಕಲಿಯಲು ಇದ್ದವನು. ಅವನ ಹೆಸರಿನ ಪಕ್ಕದಲ್ಲಿ ಮೂರೇ ಪದ: ‘ಹಿಕ್ ಇನ್ಸೆಪಿಟ್ ಪೆಸ್ಟಿಸ್’. ಇಲ್ಲಿಂದ ಪ್ಲೇಗು ಶುರು. ವರ್ಷ ಮುಗಿಯುವುದರೊಳಗೆ ಆ ಪುಟ್ಟ ಊರಲ್ಲಿ 200ಕ್ಕೂ ಹೆಚ್ಚು ಜನ ಮಣ್ಣಾದರು. ಶೇಕ್ಸ್‌ಪಿಯರ್ ಮನೆಯಲ್ಲೇ ಅದರ ಹಿಂದಿನ ವರ್ಷ ಮಾರ್ಗರೆಟ್ ಅನ್ನುವ ಹೆಣ್ಣುಕೂಸು ಐದೇ ತಿಂಗಳಿಗೆ ಹೋಗಿತ್ತು. ಅದೂ ಇಲ್ಲೇ ದಾಖಲಾಗಿದೆ. ನಾವು ಪೂಜೆ ಮಾಡುವ ಆ ಒಂದು ಸಾಲು ಎಷ್ಟು ಸಣ್ಣ ಎಳೆಯ ಮೇಲೆ ನಿಂತಿತ್ತು ಅಂತ ತಿಳಿಯುವುದು ಈ ‘ಯಾರೋ’ಗಳ ಸಾಲುಗಳಿಂದಲೇ ಅಲ್ಲವೇ?

ಇನ್ನೊಂದು ಸಂಗತಿ. ನಾವು ನಿನ್ನೆ ನೋಡಿದ ಬರಹ 1564ರದ್ದೇ ಅಲ್ಲ. ಎಲಿಜಬೆತ್ ರಾಣಿ ಕಾಲದ ಕೊನೆಯಲ್ಲಿ, ಹಳೇ ಕಾಗದದ ರಿಜಿಸ್ಟರುಗಳನ್ನೆಲ್ಲ ಚರ್ಮದ ಹಾಳೆಗೆ ನಕಲು ಮಾಡಿ ಅಂತ ಆಜ್ಞೆಯಾಯಿತು. ಸ್ಟ್ರಾಟ್‌ಫರ್ಡ್‌ನವರು 1600ರಲ್ಲಿ ಅದನ್ನು ಮಾಡಿದರು. ಪುಟಪುಟಕ್ಕೂ ಪಾದ್ರಿಯ ರುಜು ಇದೆ. ಅಂದರೆ ಆ ಹುಡುಗ ಆಲಿವರ್ ಸತ್ತು ಮೂವತ್ತಾರು ವರ್ಷ ಆದಮೇಲೆ, ಅವನನ್ನು ನೋಡಿಯೂ ಇರದಿರಬಹುದಾದ ಬರಹಗಾರನೊಬ್ಬ ಕೂತು ಅವನ ಹೆಸರನ್ನೂ ಪಕ್ಕದ ಮೂರು ಪದಗಳನ್ನೂ ಮತ್ತೆ ಬರೆದ. ಅವನು ಕ್ರಾಪ್ ಮಾಡಲಿಲ್ಲ. ನನಗೆ ಅಳು ಬರುವುದು ಇಲ್ಲಿ.

ಇತಿಹಾಸ ಪಾಠ ಮಾಡುವ ಗೆಳತಿಯೊಬ್ಬಳು ಇದನ್ನು ಓದಿದರೆ ಏನು ಹೇಳುತ್ತಾಳೆ ಅಂತಲೂ ಗೊತ್ತು. ಎಷ್ಟೋ ಸಲ ಹೇಳಿದ್ದಾಳೆ: “ಇದೇನು ಬಡವರ ಮೇಲಿನ ಪ್ರೀತಿಗೆ ಬರೆದದ್ದಾ? ಅಧಿಕಾರದವರ ಲೆಕ್ಕದ ಪುಸ್ತಕ ಕಣೇ.” ಸರಿ. 1538ರಲ್ಲಿ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಹೊರಡಿಸಿದ ಆಜ್ಞೆ ಇದು. ಪ್ರತಿ ಚರ್ಚಿನಲ್ಲೂ ದೀಕ್ಷಾಸ್ನಾನ, ಮದುವೆ, ಸಾವು ಬರೆದಿಡಬೇಕು, ಎರಡು ಬೀಗದ ಪೆಟ್ಟಿಗೆಯಲ್ಲಿ ಇಡಬೇಕು, ಒಂದು ಕೀಲಿಕೈ ಪಾದ್ರಿ ಹತ್ತಿರ, ಇನ್ನೊಂದು ಚರ್ಚಿನ ಉಸ್ತುವಾರಿ ನೋಡುವ ವಾರ್ಡನ್‌ಗಳ ಹತ್ತಿರ. ಹೊಸ ತೆರಿಗೆಗೆ ಇದು ಪೀಠಿಕೆ ಅಂತ ಜನ ಹೆದರಿದ್ದರು. ಎಷ್ಟೋ ಕಡೆ ಮಗುವಿನ ತಂದೆಯ ಹೆಸರಿದ್ದರೆ ಹೆತ್ತವಳ ಹೆಸರಿಲ್ಲ. ಸರ್ಕಾರಿ ಚರ್ಚಿಗೆ ಸೇರದ ಕ್ವೇಕರ್ ಪಂಥದವರು, ಕ್ಯಾಥೊಲಿಕರು ಎಷ್ಟೋ ಮಂದಿ ಇದರಿಂದ ಹೊರಗೇ ಉಳಿದರು. ಎಲ್ಲ ಒಪ್ಪುತ್ತೇನೆ.

ಆದರೆ ಲೆಕ್ಕಕ್ಕೆ ಹೆಸರು, ತಾರೀಖು ಎರಡಿದ್ದರೆ ಸಾಕಿತ್ತು. ಕಂಬರ್ಲೆಂಡಿನ ಗ್ರೇಸ್ಟೋಕ್ ಊರಿನ ರಿಜಿಸ್ಟರ್ ನೋಡಿ. 1623, ಉತ್ತರ ಇಂಗ್ಲೆಂಡಿಗೆ ಬರ ಬಂದ ವರ್ಷ. ಜುಲೈನಲ್ಲಿ ಆಂಥನಿ ಕೌಲ್ಮನ್ ಅನ್ನುವವನ ಮಗ ಲೆನರ್ಡ್‌ನನ್ನು ಹೂಳಿದರು. ಬರೆದವನು ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಈ ಮಗು ತಿನ್ನಲು ಇಲ್ಲದೆ ಸತ್ತಿತು ಅಂತ ಬರೆದ. ಮಗುವಿನ ಬೆನ್ನಿಗೇ ತಾಯಿ ಜೇನ್. ಅವಳು ಊರಿನ ಒಬ್ಬರ ಕಣಜದಲ್ಲಿ, ಬದುಕಲು ಏನೂ ಇಲ್ಲದೆ ಸತ್ತಳು ಅಂತ ಬರೆದ. ಅದು ಯಾರ ಕಣಜ ಅನ್ನುವುದನ್ನೂ ಬರೆದ. ಕಣಜದಲ್ಲಿ ಸತ್ತಳು! ಕಾಳು ತುಂಬುವ ಜಾಗದಲ್ಲಿ. ಶರತ್ಕಾಲದ ಹೊತ್ತಿಗೆ ಕಲ್ಲುಗೋಡೆ ಕಟ್ಟುವ ಜಾನ್ ಲ್ಯಾಂಕಾಸ್ಟರ್‌ನ ಮಗು, ಆಮೇಲೆ ಅವನ ಹೆಂಡತಿ ಆಗ್ನೆಸ್. ಮತ್ತೆ ಅದೇ ಕಾರಣ. ಹೀಗೆ ಬರೆ ಅಂತ ಯಾವ ಆಜ್ಞೆಯಲ್ಲೂ ಇರಲಿಲ್ಲ. ಪಕ್ಕದ ಮನೆಯವರ ಹಸಿವನ್ನು ಕಣ್ಣಾರೆ ಕಂಡ ಮನುಷ್ಯ ತಡೆಯಲಾರದೆ ಬರೆದದ್ದು ಅದು.

ಲಂಡನ್ನಿನ ಸೇಂಟ್ ಹೆಲೆನ್ಸ್ ಬಿಷಪ್ಸ್‌ಗೇಟ್ ರಿಜಿಸ್ಟರಿನಲ್ಲಿ 1612ರ ಒಂದು ಮಗು ಇದೆ. ಅದನ್ನು ಮೊದಲು ಓದಿದ ದಿನ ನಾನು ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋಗಿದ್ದೆ. ಆಗಸ್ಟ್ ಕೊನೆಯ ದಿನ ಹುಟ್ಟಿದ್ದು, ಲಂಡನ್ ಮೇಯರ್ ಆಗಿದ್ದ ಭಾರೀ ಸಿರಿವಂತ ಸರ್ ಜಾನ್ ಸ್ಪೆನ್ಸರ್ ಮನೆಯ ಹಿಂಬಾಗಿಲಿಗೆ ಹೋಗುವ ಓಣಿಯಲ್ಲಿ. ಯಾರೋ ಕಲ್ಲಿದ್ದಲ ಬೂದಿರಾಶಿಯಲ್ಲಿ ಮಲಗಿಸಿ ಹೋಗಿದ್ದರು. ಮಾರನೇ ದಿನ ದೀಕ್ಷಾಸ್ನಾನ ಮಾಡಿಸಿ ಹೆಸರಿಟ್ಟರು: ‘ಜೋಬ್, ಬೂದಿಯಿಂದ ಕೆದಕಿ ತೆಗೆದವನು’. ಬೈಬಲಿನ ಯೋಬ (ಇಂಗ್ಲಿಷಿನಲ್ಲಿ ಜೋಬ್) ಬೂದಿಯಲ್ಲಿ ಕುಳಿತವನಲ್ಲವೇ, ಅದಕ್ಕೇ ಆ ಹೆಸರು ಇರಬೇಕು. ಅದರ ಮಾರನೇ ದಿನ ಮಗು ಸತ್ತಿತು. ನಮ್ಮಲ್ಲಿ ಹುಟ್ಟಿದ ಮಕ್ಕಳು ಉಳಿಯದಿದ್ದರೆ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು, ತಿಪ್ಪಯ್ಯ, ಕಸಪ್ಪ ಅಂತ ಹೆಸರಿಡುತ್ತಿದ್ದರು, ಸಾವಿಗೆ ಬೇಡವಾಗಲಿ ಅಂತ. ಈ ಕೂಸಿಗೆ ಅದೂ ಫಲಿಸಲಿಲ್ಲ. ಭೂಮಿ ಮೇಲೆ ಮೂರು ದಿನ ಇದ್ದ ಜೀವ. ನಾನೂರು ವರ್ಷ ದಾಟಿದರೂ ಅದರ ಪೂರ್ತಿ ಬದುಕು ಒಂದು ವಾಕ್ಯದಲ್ಲಿ ಉಳಿದಿದೆ.

ನಮ್ಮ ಕಡೆಯವನೂ ಒಬ್ಬ ಇದ್ದಾನೆ. ಬಂಗಾಳ ಕೊಲ್ಲಿಯ ಕಡೆಯಿಂದ ಈಸ್ಟ್ ಇಂಡಿಯಾ ಕಂಪನಿ ಹಡಗಿನಲ್ಲಿ ಕರೆತಂದ ಹುಡುಗ. 1616ರ ಡಿಸೆಂಬರ್ 22ರಂದು, ಲಂಡನ್ನಿನ ಸೇಂಟ್ ಡಯೋನಿಸ್ ಚರ್ಚಿನಲ್ಲಿ, ದೊಡ್ಡದೊಡ್ಡವರ ಸಮ್ಮುಖದಲ್ಲಿ ಅವನಿಗೆ ಪೀಟರ್ ಅಂತ ಹೆಸರಿಟ್ಟರು. ಆ ಹೆಸರು ಆರಿಸಿದವನು ಸ್ವತಃ ರಾಜ ಜೇಮ್ಸ್. ಅವನ ಅವ್ವ ಇಟ್ಟ ಹೆಸರು ಆ ಸಾಲಿನಲ್ಲಿಲ್ಲ. ಆ ಜಾಗ ನನಗೆ ಯಾವಾಗಲೂ ಖಾಲಿಯಾಗಿಯೇ ಕಾಣುತ್ತದೆ.

ಆಗಿನ ಕಾಲದಲ್ಲಿ ಹನ್ನೆರಡು ಹದಿಮೂರಕ್ಕೆಲ್ಲ ಹುಡುಗಿಯರಿಗೆ ಮದುವೆ ಅಂತ ಇಲ್ಲೂ ಎಷ್ಟೋ ಜನ ನಂಬಿದ್ದಾರೆ. ಅದು ಸುಳ್ಳು ಅಂತ ತೋರಿಸಿದ್ದೂ ಈ ‘ಯಾರೋ’ಗಳೇ. ಕೇಂಬ್ರಿಡ್ಜ್‌ನ ಸಂಶೋಧಕರು 404 ಪ್ಯಾರಿಷ್‌ಗಳ ರಿಜಿಸ್ಟರುಗಳಿಂದ ಇಂಗ್ಲೆಂಡಿನ ಜನಸಂಖ್ಯೆಯ ಚರಿತ್ರೆಯನ್ನೇ ಕಟ್ಟಿದರು. ಕೆಲವು ಊರುಗಳಲ್ಲಿ ಒಂದೊಂದು ಕುಟುಂಬವನ್ನೂ ಜೋಡಿಸಿ ನೋಡಿದಾಗ, ಸಾಮಾನ್ಯ ಹೆಣ್ಣುಮಕ್ಕಳು ಸರಾಸರಿ ಇಪ್ಪತ್ತೈದರ ಆಸುಪಾಸಿನಲ್ಲಿ ಮದುವೆಯಾಗುತ್ತಿದ್ದರು ಅಂತ ತಿಳಿಯಿತು. ಆ ಸಾಲುಗಳನ್ನು ಎಣಿಸಿಕೊಟ್ಟವರಲ್ಲಿ ಹೆಚ್ಚಿನವರು ಊರೂರಿನ ಹವ್ಯಾಸಿಗಳು, ನನ್ನಂಥವರು. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಒಂದು ವಿಷಯ ನಿಮಗೆ ಯಾರಿಗೂ ಹೇಳಿರಲಿಲ್ಲ. ನಮ್ಮಜ್ಜಿ ಹೆತ್ತದ್ದು ಒಂಬತ್ತು, ಉಳಿದದ್ದು ಐದು. ಹೋದ ನಾಲ್ವರ ಹೆಸರು ಅಜ್ಜಿಗೆ ಮಾತ್ರ ಗೊತ್ತಿತ್ತು. ಕೊನೇ ವರ್ಷ ಆಸ್ಪತ್ರೆಯಲ್ಲಿ ಮಲಗಿದ್ದಾಗ ಒಬ್ಬೊಬ್ಬರನ್ನೇ ಕರೆಯುತ್ತಿದ್ದಳು. ನಾನು ಪಕ್ಕದಲ್ಲೇ ಕೂತಿದ್ದೆ. ಬರೆದುಕೊಳ್ಳಲಿಲ್ಲ. ಈಗ ಎಷ್ಟು ಯೋಚಿಸಿದರೂ ಎರಡೇ ನೆನಪಿಗೆ ಬರುತ್ತವೆ. ಅಮ್ಮನಿಗೂ ಅಷ್ಟೇ.

ಇವತ್ತು ಬೆಳಿಗ್ಗೆ ಕಾಫಿ ಕುಡಿಯುವಾಗ ಭಾವನಿಗೆ ಇದನ್ನೆಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. ಕ್ರಾಪ್ ಮಾಡದ ಫೋಟೋ ಇನ್ನೂ ಫೋನಿನಲ್ಲಿದೆಯಾ ಅಂತ ಕೇಳಿದೆ. ಇತ್ತು. ಕಳಿಸಿದ್ದಾರೆ. ಇಡೀ ಪುಟವನ್ನು ಕೆಳಗೆ ಹಾಕಿದ್ದೇನೆ. ವಿಲಿಯಂ ಪಕ್ಕದಲ್ಲಿ ಯಾರೋ ಆಮೇಲೆ ಮೂರು ‘X’ ಗುರುತು ಹಾಕಿದ್ದಾರೆ, ಅವನು ನಿಮಗೆ ತಾನಾಗಿಯೇ ಸಿಗುತ್ತಾನೆ. ಅವನ ಮೇಲಿನ ಮಗುವಿನ ಹೆಸರು, ಕೆಳಗಿನ ಮಗುವಿನ ಹೆಸರು ದೊಡ್ಡದು ಮಾಡಿ ಓದಿ ನೋಡಿ. ಅಕ್ಷರ ಬಿಡಿಸಲಾಗದಿದ್ದರೆ ಕೇಳಿ, ನಾನು ಓದಿ ಹೇಳುತ್ತೇನೆ.